ಹಣಕಾಸು ಪ್ರಶ್ನೋತ್ತರ: ಕೆಲಸ ಬಿಟ್ಟಾಗ ಪಿಎಫ್ ಹಣ ಬಿಡಿಸಿಕೊಳ್ಳಬೇಕೇ?

ಪ್ರಶ್ನೆ: ನನಗೆ 29 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ದುಡಿದು ಈಗ ಬೊಮ್ಮಸಂದ್ರದ ಬೇರೊಂದು ಕಂಪನಿ ಸೇರಿದ್ದೇನೆ. ಹಳೆಯ ಪಿಎಫ್ ಖಾತೆಯಲ್ಲಿ ಸುಮಾರು 1.4 ಲಕ್ಷ ರೂಪಾಯಿ ಇದೆ. ಅದನ್ನು ಬಿಡಿಸಿಕೊಂಡು ಷೇರಿಗೆ ಹಾಕು ಎಂದು ಗೆಳೆಯರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ಬಿಡಿಸಿಕೊಳ್ಳಬೇಡಿ, ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿಕೊಳ್ಳಿ. ಬೇರೆ ಕೆಲಸಕ್ಕೆ ಸೇರಿದವರಿಗೆ ಇರುವ ಕ್ರಮವೂ ಅದೇ. ಐದು ವರ್ಷಗಳ ನಿರಂತರ ಸೇವೆ ಪೂರ್ಣಗೊಳ್ಳುವ ಮೊದಲೇ ಹಣ ತೆಗೆದರೆ ಅದಕ್ಕೆ ಆದಾಯ ತೆರಿಗೆ ಬೀಳುತ್ತದೆ. ವರ್ಗಾಯಿಸಿದರೆ ನಿಮ್ಮ ಹಳೆಯ ನಾಲ್ಕು ವರ್ಷಗಳೂ ಲೆಕ್ಕಕ್ಕೆ ಸೇರುತ್ತವೆ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ 58ರ ನಂತರ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷಗಳ ಸೇವೆ ಇರಬೇಕು ಎಂಬುದನ್ನೂ ನೆನಪಿಡಿ.

ಪಿಎಫ್ ಬಡ್ಡಿಯನ್ನು ವರ್ಷವರ್ಷವೂ ಘೋಷಿಸುತ್ತಾರೆ. 2023–24ರಲ್ಲಿ ಅದು ಶೇ 8.25 ಇತ್ತು. ಮುಂದೆ ಸರಾಸರಿ ಶೇ 8ರಂತೆ ಸಿಕ್ಕಿತು ಎಂದುಕೊಂಡರೂ, ನೀವು ಮತ್ತೆ ಒಂದು ರೂಪಾಯಿಯನ್ನೂ ಸೇರಿಸದೆ, ಇಂದಿನ 1.4 ಲಕ್ಷ ನಿಮ್ಮ 58ನೇ ವಯಸ್ಸಿಗೆ ಸುಮಾರು 13 ಲಕ್ಷವಾಗುತ್ತದೆ. ಇಷ್ಟು ದೊಡ್ಡ ಮೊತ್ತ ಎಂದು ಹಿಗ್ಗುವ ಮೊದಲು ಇನ್ನೊಂದು ಲೆಕ್ಕವನ್ನೂ ನೋಡಿ: ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, ಈಗ ತಿಂಗಳಿಗೆ 30,000 ರೂಪಾಯಿಯಲ್ಲಿ ನಡೆಯುವ ಸಂಸಾರಕ್ಕೆ ಆಗ 1.6 ಲಕ್ಷಕ್ಕೂ ಹೆಚ್ಚು ಬೇಕಾಗುತ್ತದೆ. ಆದ್ದರಿಂದ ಪಿಎಫ್ ಒಂದೇ ಸಾಲದು, ಷೇರಿನ ಪಾಲೂ ಬೇಕು ಎಂಬ ಮಟ್ಟಿಗೆ ನಿಮ್ಮ ಗೆಳೆಯರ ಮಾತು ಸರಿ. ಆದರೆ ಆ ಹಣ ಹೊಸ ಸಂಬಳದಿಂದ ಬರಲಿ. ಮೊದಲು ಆರು ತಿಂಗಳ ಖರ್ಚಿನಷ್ಟನ್ನು ಬ್ಯಾಂಕಿನಲ್ಲಿ ಇಡಿ. ಆಮೇಲೆ ದೇಶದ 50 ದೊಡ್ಡ ಕಂಪನಿಗಳ ಷೇರುಗಳ ಸೂಚ್ಯಂಕವಾದ ನಿಫ್ಟಿ 50ನ್ನು ಅನುಸರಿಸುವ ಇಂಡೆಕ್ಸ್ ಫಂಡ್ ಒಂದರ ಡೈರೆಕ್ಟ್ ಪ್ಲಾನಿನಲ್ಲಿ, ಅಂದರೆ ಏಜೆಂಟರ ಕಮಿಷನ್ ಇಲ್ಲದ ಬಗೆಯಲ್ಲಿ, ತಿಂಗಳ ಎಸ್‌ಐಪಿ (ಪ್ರತಿ ತಿಂಗಳೂ ನಿಗದಿತ ಮೊತ್ತ ಹೂಡುವುದು) ಆರಂಭಿಸಿ. 2008ರ ಜನವರಿಯಲ್ಲಿ 20,000 ದಾಟಿದ್ದ, ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗಿಳಿದಿತ್ತು. ಐದಾರು ವರ್ಷಗಳೊಳಗೆ ಮದುವೆಗೋ ಮನೆಗೋ ಬೇಕಾಗುವ ಹಣವನ್ನು ಅಲ್ಲಿ ಹಾಕಬಾರದು ಎನ್ನುವುದು ಇದಕ್ಕೇ.

ವರ್ಗಾವಣೆಗೆ ಅರ್ಜಿ ಹಾಕುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ನೀವು ಕೆಲಸ ಬಿಟ್ಟ ದಿನಾಂಕ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಖಾತೆಯಲ್ಲಿ ದಾಖಲಾಗಿರಬೇಕು. ಹಳೆಯ ಕಂಪನಿ ದಾಖಲಿಸದಿದ್ದರೆ ಎರಡು ತಿಂಗಳ ನಂತರ ನೀವೇ ನಮೂದಿಸಬಹುದು. ಇನ್ನೊಂದು, ಹೆಸರು. ನಮ್ಮ ಕಡೆ ಕಂಪನಿಯ ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇದ್ದು, ಆಧಾರ್‌ನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿಯಾಗಿ ಇರುವುದು ಸಾಮಾನ್ಯ. ಈ ವ್ಯತ್ಯಾಸ ಅರ್ಜಿ ತಿರಸ್ಕೃತವಾಗಲು ಸಾಕು. ಮೊದಲೇ ತಿದ್ದಿಸಿಕೊಳ್ಳಿ.

ಪ್ರಶ್ನೆ: ವಯಸ್ಸು 44, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ತಿಂಗಳಿಗೆ 3,000 ರೂಪಾಯಿ ಚೀಟಿಗೆ ಕಟ್ಟುತ್ತಿದ್ದೇನೆ. ಅಟಲ್ ಪಿಂಚಣಿಗೆ ಸೇರಬಹುದೇ?
– ಓದುಗರು, ಹಾಸನ

ಉತ್ತರ: ಅಟಲ್ ಪಿಂಚಣಿ ಯೋಜನೆಗೆ 18ರಿಂದ 40 ವರ್ಷದೊಳಗಿನವರು ಮಾತ್ರ ಸೇರಬಹುದು. ನಿಮಗೆ ಅಂಚೆ ಕಚೇರಿಯ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಹೊಂದುತ್ತದೆ. ಶೇ 7.1ರ ದರ ಮುಂದುವರಿದರೆ, ಈ 3,000 ರೂಪಾಯಿಯನ್ನೇ 15 ವರ್ಷ ಕಟ್ಟಿದಾಗ ನಿಮ್ಮ 5.4 ಲಕ್ಷ ಸುಮಾರು 9.4 ಲಕ್ಷವಾಗುತ್ತದೆ, ಅದಕ್ಕೆ ತೆರಿಗೆಯೂ ಇಲ್ಲ. ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟಿ. 6ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಚೀಟಿಯನ್ನು ನಾನು ಹೀಗಳೆಯುವುದಿಲ್ಲ, ಹೊಲಿಗೆ ಯಂತ್ರ ಕೊಳ್ಳಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗದ, ಬರೀ ನಂಬಿಕೆಯ ಮೇಲೆ ನಡೆಯುವ ಚೀಟಿಯಲ್ಲಿ ಮುಪ್ಪಿನ ಹಣ ಇರಬಾರದು. ಈಗಿನ ಚೀಟಿ ಮುಗಿಯುವವರೆಗೆ ತಿಂಗಳಿಗೆ 500 ರೂಪಾಯಿಯಿಂದಲೇ ಪಿಪಿಎಫ್ ಶುರುಮಾಡಿ.

ಪ್ರಶ್ನೆ: ನಿವೃತ್ತರಾದ 61 ವರ್ಷದ ತಂದೆಯವರಿಗೆ 15 ಲಕ್ಷ ರೂಪಾಯಿ ಬಂದಿದೆ. ಪರಿಚಯದ ಏಜೆಂಟರು ಹತ್ತು ವರ್ಷದ ವಿಮಾ ಪಾಲಿಸಿ ಮಾಡಿಸಿ ಎನ್ನುತ್ತಿದ್ದಾರೆ.
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಅವರಿಗೆ ಈಗ ಬೇಕಿರುವುದು ಮನೆಖರ್ಚಿಗೆ ಬರುವ ಆದಾಯ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು; ಖಾತೆ ತೆರೆದ ದಿನದ ದರವೇ ಐದು ವರ್ಷಗಳಿಗೂ ಅನ್ವಯಿಸುತ್ತದೆ. ಶೇ 8.2ರಂತೆ 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಬಡ್ಡಿಗೆ ತೆರಿಗೆ ಉಂಟು. ಎಲ್ಲವನ್ನೂ ಅಲ್ಲಿಡದೆ, ಆಸ್ಪತ್ರೆಯ ಖರ್ಚಿಗೆಂದು ಎರಡು–ಮೂರು ಲಕ್ಷವನ್ನು ಬ್ಯಾಂಕಿನಲ್ಲೇ ಉಳಿಸಿ, ಖಾತೆಗೆ ತಾಯಿಯವರನ್ನು ನಾಮಿನಿ ಮಾಡಿಸಿ.