ಗೋಲು ಆಯ್ತಾ, ಇಲ್ವಾ?

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಫುಟ್‌ಬಾಲ್ ಬಗ್ಗೆಯೇ ಇವೆ. ಹಾಗಾಗಿ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ನಾನು 31 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವ, ಆಗಿದ್ದೆ. ಸಂಜೆ ಚೆಕ್‌ರೋಲ್ (ಕೆಲಸಗಾರರ ಹಾಜರಿ ಪುಸ್ತಕ) ಬರೆದು ಮುಗಿಸಿದರೆ ಕಾಲು ತಾನಾಗಿ ಮೈದಾನದ ಕಡೆ ಹೋಗುತ್ತಿತ್ತು. ಈಗಲೂ ಹೋಗುತ್ತದೆ. ಮೈದಾನದ ಪಕ್ಕದ ದಿಣ್ಣೆಯ ಮೇಲೆ ನಿಂತು ಆಟ ನೋಡುವವನ ಮಾತು ಎಂದೇ ಇದನ್ನು ಓದಿ.

ಪ್ರಶ್ನೆ: ಅಣ್ಣಾ, ವಿಎಆರ್ (ಕೋಣೆಯಲ್ಲಿ ಕೂತು ವಿಡಿಯೋ ನೋಡಿ ರೆಫ್ರಿಯ ತಪ್ಪು ತಿದ್ದುವ ವ್ಯವಸ್ಥೆ) ಬಂದ ಮೇಲೆ ಗೋಲು ಬಿದ್ದರೂ ಕುಣಿಯೋಕೆ ಆಗ್ತಿಲ್ಲ. ಎಲ್ಲರೂ ಪರದೆ ನೋಡ್ತಾ ಕಾಯಬೇಕು. ಇದನ್ನು ತೆಗೆದೇ ಬಿಡಬೇಕಲ್ವಾ?
– ವಿರಾಜಪೇಟೆಯ ಓದುಗರು

ನಿಮ್ಮ ಸಂಕಟ ನನಗೆ ಚೆನ್ನಾಗಿ ಗೊತ್ತು. 1990ರ ವಿಶ್ವಕಪ್‌ನ ಮೊದಲ ಪಂದ್ಯ, ಅರ್ಜೆಂಟೀನಾ ಮತ್ತು ಕ್ಯಾಮರೂನ್. ಜೂನ್ ತಿಂಗಳು, ಹೊರಗೆ ಜೋರು ಮಳೆ. ತೋಟದಲ್ಲಿ ಇದ್ದದ್ದು ಒಂದೇ ಟಿವಿ, ಅದರಲ್ಲಿ ಚಿತ್ರಕ್ಕಿಂತ ಚುಕ್ಕೆಯೇ ಜಾಸ್ತಿ. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹುಡುಗನೊಬ್ಬ ಪ್ಲಾಸ್ಟಿಕ್ ಹೊದ್ದು ಹೆಂಚಿನ ಮೇಲೆ ಹತ್ತಿ ಆಂಟೆನಾ ಹಿಡಿದುಕೊಂಡಿದ್ದ. ಒಮಾಮ್ ಬಿಯಿಕ್ ಎಗರಿ ತಲೆಯಲ್ಲಿ ಹೊಡೆದ ಚೆಂಡು ಅರ್ಜೆಂಟೀನಾ ಗೋಲ್‌ಕೀಪರ್‌ನ ಕೈಯಿಂದ ಜಾರಿ ಒಳಗೆ ಹೋಯಿತು. ನಾವು ಒಳಗೆ ಕಿರುಚಿದ ಸದ್ದು ಕೇಳಿಯೇ ಅವನಿಗೆ ಗೋಲು ಎಂದು ಗೊತ್ತಾಯಿತು. ಮೇಲೆಯೇ ಕುಣಿದ. ಎರಡು ಹೆಂಚು ಒಡೆದವು. ಕ್ಯಾಮರೂನ್ 1–0ರಿಂದ ಗೆದ್ದಿತು. ಕೊನೆಗೆ ಅವರ ಕಡೆ ಆಡುತ್ತಿದ್ದವರು ಒಂಬತ್ತೇ ಜನ. ಆ ಒಂದು ಕ್ಷಣ ನಮ್ಮ ಕೈತಪ್ಪಬಾರದು ಎನ್ನುವ ನಿಮ್ಮ ಮಾತು ಸರಿ.

ಆದರೂ ವಿಎಆರ್ ತೆಗೆಯಬೇಕು ಅಂತ ನಾನು ಹೇಳುವುದಿಲ್ಲ. 1986ರಲ್ಲಿ ಮರಡೋನಾ ಇಂಗ್ಲೆಂಡ್ ವಿರುದ್ಧ ಕೈಯಲ್ಲಿ ಹಾಕಿದ ಗೋಲು ನಿಂತುಬಿಟ್ಟಿತು. 2010ರಲ್ಲಿ ಜರ್ಮನಿ ವಿರುದ್ಧ ಲ್ಯಾಂಪಾರ್ಡ್ ಹೊಡೆದ ಚೆಂಡು ಬಾರ್‌ಗೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಪುಟಿಯಿತು. ಟಿವಿ ಮುಂದೆ ಕೂತಿದ್ದ ಚಿಕ್ಕ ಮಕ್ಕಳಿಗೂ ಕಂಡಿತು, ರೆಫ್ರಿಗೆ ಕಾಣಲಿಲ್ಲ. ಎಲ್ಲರ ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದಲು ದಾರಿ ಇದ್ದೂ ತಿದ್ದದೇ ಬಿಟ್ಟರೆ ಅದು ಆಟಗಾರನಿಗೆ ಮಾಡುವ ಅನ್ಯಾಯ.

ನನ್ನ ತಕರಾರು ಬೇರೆ. ನೋಡುವವನಿಗೆ ಯಾರೂ ಏನೂ ಹೇಳುವುದಿಲ್ಲ. 2022ರ ಕತಾರ್ ವಿಶ್ವಕಪ್‌ನ ಮೊದಲ ಪಂದ್ಯ ನೆನಪಿದೆಯಾ? ಮೂರನೇ ನಿಮಿಷಕ್ಕೇ ಇಕ್ವೆಡಾರ್‌ನ ವೆಲೆನ್ಸಿಯಾ ಗೋಲು ಹಾಕಿದ. ಆಫ್‌ಸೈಡ್ ಎಂದು, ಅಂದರೆ ಚೆಂಡು ಬರುವಾಗ ಆಟಗಾರ ಎದುರಾಳಿ ರಕ್ಷಕರಿಗಿಂತ ಗೋಲಿನ ಹತ್ತಿರ ಇದ್ದ ಎಂದು, ಅದು ರದ್ದಾಯಿತು. ಮೈದಾನದ ಚಾವಣಿಯಲ್ಲಿ 12 ಕ್ಯಾಮೆರಾ, ಚೆಂಡಿನ ಒಳಗೆ ಸೆಕೆಂಡಿಗೆ 500 ಸಲ ಲೆಕ್ಕ ಕೊಡುವ ಸೆನ್ಸರ್. ಇಷ್ಟೆಲ್ಲ ಇದ್ದೂ ನಮ್ಮ ಹಾಲ್‌ನಲ್ಲಿ ಕೂತ ಹತ್ತು ಜನಕ್ಕೂ ಯಾರ ಕಾಲು ಮುಂದಿತ್ತು ಎಂದು ತಿಳಿಯಲಿಲ್ಲ. ತೀರ್ಪು ಸರಿಯೇ ಇತ್ತು, ಆಮೇಲೆ ಚಿತ್ರ ಬಿಡಿಸಿ ತೋರಿಸಿದರು. ಅಷ್ಟರಲ್ಲಿ ಹತ್ತು ಜನ ಹತ್ತು ಮಾತಾಡಿ ಆಗಿತ್ತು.

ನಾವು ಕೊಡಗಿನವರು ಹಾಕಿ ನೋಡಿ ಬೆಳೆದವರು. ಅಲ್ಲಿ ಏನು ಮಾಡುತ್ತಾರೆ ನೋಡಿ. ಆಟಗಾರನೇ ಕೈಯಲ್ಲಿ ಟಿ ಆಕಾರ ಮಾಡಿ ರೆಫರಲ್ ಕೇಳುತ್ತಾನೆ. ಏನು ನೋಡಬೇಕು ಎಂದು ಅಂಪೈರ್ ಬಾಯಿಬಿಟ್ಟು ಹೇಳುತ್ತಾರೆ, ವಿಡಿಯೋ ಅಂಪೈರ್ ಉತ್ತರ ಕೊಡುತ್ತಾರೆ, ಟಿವಿಯಲ್ಲಿ ನಮಗೂ ಕೇಳಿಸುತ್ತದೆ. ಕೇಳಿದ್ದು ತಪ್ಪಾದರೆ ರೆಫರಲ್ ಹೋಯಿತು, ಸರಿಯಾದರೆ ಉಳಿಯಿತು. ಸುಮ್ನೆ ಕೈ ಎತ್ತುವವನು ಎರಡು ಸಲ ಯೋಚಿಸುತ್ತಾನೆ. ಫುಟ್‌ಬಾಲ್‌ನಲ್ಲೂ ಈ ದಾರಿ ತೆರೆದಿದೆ. 2023ರ ಮಹಿಳಾ ವಿಶ್ವಕಪ್‌ನಲ್ಲಿ ರೆಫ್ರಿಗಳು ಪರದೆ ನೋಡಿ ಬಂದು ಮೈಕಿನಲ್ಲೇ ತೀರ್ಪು ಹೇಳಿದರು. 2024ರಲ್ಲಿ ಕೊಲಂಬಿಯಾದಲ್ಲಿ ನಡೆದ 20 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ನಲ್ಲಿ ಕೋಚ್‌ಗಳಿಗೆ ಪಂದ್ಯಕ್ಕೆ ಎರಡು ಸಲ ಮರುಪರಿಶೀಲನೆ ಕೇಳುವ ಅವಕಾಶ ಕೊಟ್ಟು ನೋಡಿದರು. ಅದಕ್ಕೆ ಹತ್ತಾರು ಕ್ಯಾಮೆರಾ ಬೇಕಾಗಿಲ್ಲ, ದೊಡ್ಡ ಕೋಣೆ ಬೇಕಾಗಿಲ್ಲ. ನಮ್ಮ ದೇಶದ ಲೀಗ್‌ಗೆ ನಾನು ಕೇಳುವುದು ಇದನ್ನೇ.

ಇನ್ನು ಹೆಬ್ಬೆರಳಿನ ಉಗುರಷ್ಟು ಆಫ್‌ಸೈಡ್‌ಗೆ ಗೋಲು ಕಿತ್ತುಕೊಳ್ಳುವುದು ನನಗೆ ಇಷ್ಟವಿಲ್ಲ. ಅಷ್ಟು ಮುಂದೆ ಇದ್ದುದರಿಂದ ಯಾವ ಆಟಗಾರನಿಗೂ ಲಾಭವಾಗುವುದಿಲ್ಲ. ಆ ನಿಯಮ ಬಂದದ್ದು ಗೋಲಿನ ಬಾಯಲ್ಲಿ ಕಾದು ನಿಲ್ಲುವವರನ್ನು ತಡೆಯಲು, ಅಲ್ವಾ?

ಪ್ರಶ್ನೆ: ಸರ್, ವಿಶ್ವಕಪ್‌ಗೆ 48 ತಂಡ ಮಾಡಿದ್ದಾರೆ. ಆಟದ ಮಟ್ಟ ಬೀಳೋದಿಲ್ವಾ?
– ಕಾಲೇಜು ವಿದ್ಯಾರ್ಥಿ, ಮಡಿಕೇರಿ

ಕೆಲವು ಪಂದ್ಯ ಸಪ್ಪೆಯಾಗಬಹುದು. 64 ಇದ್ದದ್ದು 104 ಪಂದ್ಯವಾದರೆ ಆಟಗಾರರ ಕಾಲೂ ಸೋಲುತ್ತದೆ. ಅದು ನನಗೂ ಬೇಸರದ ವಿಷಯವೇ.

ಆದರೆ ಒಂದು ಲೆಕ್ಕ ಹೇಳುತ್ತೇನೆ. 2011ರ ಜನಗಣತಿಯಲ್ಲಿ ನಮ್ಮ ಕೊಡಗಿನ ಜನಸಂಖ್ಯೆ 5,54,519. 2026ರ ವಿಶ್ವಕಪ್‌ಗೆ ಅರ್ಹತೆ ಪಡೆದ ಕೇಪ್ ವರ್ಡೆ ದ್ವೀಪಗಳಲ್ಲಿ ಇರುವುದು ಹೆಚ್ಚುಕಮ್ಮಿ ಅಷ್ಟೇ ಜನ. ಅದೇ ಸಲ ಅರ್ಹತೆ ಪಡೆದ ಕುರಸಾವ್ (ನೆದರ್ಲೆಂಡ್ಸ್‌ಗೆ ಸೇರಿದ ಕೆರಿಬಿಯನ್ ದ್ವೀಪ) ಇನ್ನೂ ಚಿಕ್ಕದು. ಸುಮಾರು ಒಂದೂವರೆ ಲಕ್ಷ ಜನ, ಅಂದರೆ ನಮ್ಮ ಜಿಲ್ಲೆಯ ಮೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ಸಣ್ಣ ನಾಡು ಹಿಂದೆ ಯಾವತ್ತೂ ವಿಶ್ವಕಪ್‌ಗೆ ಹೋದದ್ದಿಲ್ಲ. ಅವರ ಆಟಗಾರರಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ನೆದರ್ಲೆಂಡ್ಸ್‌ನಲ್ಲಿ ಎನ್ನುವುದೂ ನಿಜ, ಅದನ್ನು ಮುಚ್ಚಿಡಬಾರದು. ಆದರೆ ಆ ಮಕ್ಕಳು ತಾತನ ಊರಿನ ಅಂಗಿ ತೊಟ್ಟು ಆಡಲು ಬಂದರಲ್ಲ! ಅವರಿಗೆ ಜಾಗ ಮಾಡಿಕೊಡಲು ನಾಲ್ಕು ಸಪ್ಪೆ ಪಂದ್ಯ ನೋಡಲು ನಾನು ತಯಾರು.

ಅದೇ ಹೊತ್ತಿಗೆ, 2025ರ ನವೆಂಬರ್‌ನಲ್ಲಿ, ನಾವು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0–1ರಿಂದ ಸೋತೆವು. 2027ರ ಏಷ್ಯನ್ ಕಪ್‌ನ ಬಾಗಿಲು ಅದಕ್ಕೆ ಮೊದಲೇ ಮುಚ್ಚಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಪ್ರಶ್ನೆ: 1950ರಲ್ಲಿ ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂದು ಭಾರತ ವಿಶ್ವಕಪ್‌ಗೆ ಹೋಗಲಿಲ್ಲವಂತೆ, ಹೌದಾ?
– ಸೋಮವಾರಪೇಟೆ

ಕಥೆ ಚೆನ್ನಾಗಿದೆ, ಹಾಗಾಗಿ ಉಳಿದುಕೊಂಡಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1–2ರಿಂದ ಸೋತದ್ದು ನಿಜ. ಎರಡು ಪೆನಾಲ್ಟಿ ಕೈತಪ್ಪಿತ್ತು. ಆದರೆ 1950ರಲ್ಲಿ ಬ್ರೆಜಿಲ್‌ಗೆ ಹೋಗದಿರಲು ಅದೇ ಕಾರಣ ಎನ್ನುವುದು ಆಮೇಲೆ ಹಬ್ಬಿದ ಮಾತು. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯವಿಲ್ಲ ಎಂದರು. ಎಲ್ಲಕ್ಕಿಂತ ಹೆಚ್ಚಾಗಿ, ಆಗಿನವರಿಗೆ ಒಲಿಂಪಿಕ್ಸ್ ದೊಡ್ಡದಾಗಿ ಕಂಡಿತು. ಮರುವರ್ಷವೇ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದೆವು. ಆ ತಂಡವನ್ನು ಬ್ರೆಜಿಲ್‌ಗೆ ಕಳಿಸಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ನನ್ನ ಮಗನಿಗೆ 10 ವರ್ಷ. ದಿನಾ ಚೆಂಡನ್ನು ತಲೆಯಲ್ಲಿ ಹೊಡೆದು ಅಭ್ಯಾಸ ಮಾಡುತ್ತಾನೆ. ಭಯವಾಗುತ್ತದೆ. ಅವರಪ್ಪ, ಸುಮ್ನಿರು, ಆಟದಲ್ಲಿ ಇದೆಲ್ಲ ಇದ್ದದ್ದೇ ಅಂತಾರೆ.
– ಒಬ್ಬ ತಾಯಿ, ಅಮ್ಮತ್ತಿ

ಅಕ್ಕಾ, ನಿಮ್ಮ ಭಯ ಸರಿಯಾಗಿದೆ. ಈ ಉತ್ತರವನ್ನು ಅವರಪ್ಪನಿಗೂ ಓದಿ ಹೇಳಿ.

ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ 10 ವರ್ಷದವರೆಗಿನ ಮಕ್ಕಳು ತಲೆಯಲ್ಲಿ ಚೆಂಡು ಹೊಡೆಯಬಾರದು ಎಂದು ಹೇಳಿತು. ಇಂಗ್ಲೆಂಡ್ ಕೂಡ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ. 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದವರು ಸ್ಕಾಟ್ಲೆಂಡ್‌ನ ಹಳೆಯ ವೃತ್ತಿಪರ ಆಟಗಾರರ ದಾಖಲೆ ತೆಗೆದು ನೋಡಿದರು. ಮರೆವಿನ ಕಾಯಿಲೆಯಂಥ ಮೆದುಳಿನ ರೋಗಗಳಿಂದ ಸಾಯುವ ಸಂಭವ ಅವರಲ್ಲಿ ಬೇರೆಯವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಇತ್ತು. ಅವರು ವರ್ಷಗಟ್ಟಲೆ ಆಡಿದವರು, ನಿಮ್ಮ ಮಗ ನಾಲ್ಕು ಸಲ ಹೊಡೆದ ಮಾತ್ರಕ್ಕೆ ಹಾಗಾಗುವುದಿಲ್ಲ. ಆದರೆ ಹತ್ತು ವರ್ಷದವನಿಗೆ ಅದರ ಅಗತ್ಯವೇ ಇಲ್ಲ. ಈಗ ಅವನು ಎರಡೂ ಕಾಲಲ್ಲಿ ಪಾಸ್ ಮಾಡಲು ಕಲಿಯಲಿ. ಮುಂದೆ ಕಲಿಯುವಾಗ ಮೊದಲು ಸ್ಪಂಜಿನ ಚೆಂಡಿನಲ್ಲಿ ಕಲಿಯಲಿ.

ಇನ್ನೊಂದು ವಿಷಯ, ನಾನೇ ಕಣ್ಣಾರೆ ಕಂಡದ್ದು. ಕೆಲವು ವರ್ಷದ ಹಿಂದೆ ಒಂದು ಟೂರ್ನಿಯಲ್ಲಿ ಇಬ್ಬರು ಹುಡುಗರು ಒಂದೇ ಚೆಂಡಿಗೆ ಎಗರಿ ತಲೆಗೆ ತಲೆ ಬಡಿದುಕೊಂಡರು. ಒಬ್ಬ ಬಿದ್ದ. ಮುಖಕ್ಕೆ ನೀರು ಹಾಕಿದರು, ಎದ್ದು ನಿಂತ, ಚಪ್ಪಾಳೆ ಹೊಡೆದು ಮತ್ತೆ ಆಡಲು ಬಿಟ್ಟರು. ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ. ಹತ್ತು ನಿಮಿಷ ಕಳೆದು ಅವನು ತನ್ನದೇ ಗೋಲಿನ ಕಡೆ ಚೆಂಡು ತಳ್ಳಿಕೊಂಡು ಓಡಿದ. ಎಲ್ಲರೂ ಬೈದರು. ಸಂಜೆ ಜೀಪಿನಲ್ಲಿ ಮನೆಗೆ ಹೋಗುವಾಗ ಎರಡು ಸಲ ವಾಂತಿ ಮಾಡಿಕೊಂಡ, ಪಕ್ಕದಲ್ಲಿ ಕೂತವನ ಹೆಸರು ನೆನಪಾಗಲಿಲ್ಲ. ಅಲ್ಲಿಂದ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೇವರು ದೊಡ್ಡವನು, ಹುಡುಗ ಉಳಿದ. ಆದರೆ ಆ ಹತ್ತು ನಿಮಿಷ ಅವನನ್ನು ಆಡಲು ಬಿಟ್ಟದ್ದು ನನ್ನ ಮನಸ್ಸಿನಿಂದ ಹೋಗಿಲ್ಲ.

ತಲೆಗೆ ಪೆಟ್ಟಾದ ಮೇಲೆ ತಲೆನೋವು, ವಾಂತಿ, ಮಂಪರು, ಗೊಂದಲ, ಬೆಳಕು ನೋಡಲು ಕಷ್ಟ ಇದ್ದರೆ ಅವತ್ತು ಆಟ ಮುಗಿಯಿತು. ಮಲಗಿದರೆ ಸರಿಹೋಗುತ್ತದೆ ಎಂದು ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಅವರು ಹೇಳುವವರೆಗೆ ಮೈದಾನಕ್ಕೆ ಇಳಿಯಬಾರದು. ತಲೆಗೆ ಪೆಟ್ಟಾದವನ ಬದಲು ಹೆಚ್ಚುವರಿಯಾಗಿ ಒಬ್ಬನನ್ನು ಇಳಿಸಲು ಈಗ ಆಟದ ನಿಯಮದಲ್ಲೇ ಅವಕಾಶವಿದೆ. ನಮ್ಮ ಟೂರ್ನಿ ನಡೆಸುವವರು ಇದನ್ನು ಜಾರಿಗೆ ತರಬೇಕು. ಟ್ರೋಫಿ ಒಂದು ಅಡಿ ಸಣ್ಣದಾದರೂ ಪರವಾಗಿಲ್ಲ, ಮೈದಾನದ ಪಕ್ಕ ಒಂದು ಗಾಡಿ ಮತ್ತು ಒಬ್ಬ ನರ್ಸ್ ಇರಲೇಬೇಕು.

ಪ್ರಶ್ನೆ: ನಮ್ಮೂರ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಟೂರ್ನಿಗೆ ತಂಡಗಳು ದುಡ್ಡು ಕೊಟ್ಟು ಹೊರಗಿನ ಆಟಗಾರರನ್ನು ಕರೆತರುತ್ತವೆ. ಊರ ಹುಡುಗರು ಬೆಂಚಿನಲ್ಲಿ. ಇದು ಸರಿಯಾ?
– ಸಿದ್ದಾಪುರ

ಹೊರಗಿನವರು ಬರಲಿ, ಆದರೆ ಏಳರಲ್ಲಿ ಏಳೂ ಅವರೇ ಆಗಬಾರದು. ಗಡಿಯಾಚೆ ಮಲಪ್ಪುರಂನಲ್ಲಿ ಆಫ್ರಿಕಾದ ಹುಡುಗರು ಸೆವೆನ್ಸ್ ಆಡುತ್ತಾರೆ. ಅವರ ಓಟ ನೋಡುವುದೇ ಒಂದು ಪಾಠ. ನಮ್ಮ ಹುಡುಗರು ಅವರ ಜೊತೆ ಆಡಿದರೆ ಕಲಿಯುತ್ತಾರೆ. ಅವರ ಬ್ಯಾಗ್ ಹೊತ್ತರೆ ಏನು ಕಲಿಯುತ್ತಾರೆ?

ಕೊಡವ ಕೌಟುಂಬಿಕ ಹಾಕಿ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು. ಅಲ್ಲಿ ಒಂದು ಮನೆತನದ ತಂಡದಲ್ಲಿ ಆ ಮನೆತನದವರೇ ಆಡಬೇಕು. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಇಳಿಯುತ್ತಾರೆ. ನಮ್ಮ ಮನೆಯವರು ಆಡುತ್ತಿದ್ದಾರೆ ಎಂದೇ ಜನ ಬಿಸಿಲಲ್ಲಿ ಕೂತು ನೋಡುತ್ತಾರೆ. ನಮ್ಮ ಸೆವೆನ್ಸ್‌ಗೂ ಒಂದು ಕಟ್ಟು ಬೇಕು: ಹೊರಗಿನವರು ಇಬ್ಬರು, ಉಳಿದ ಐವರು ಊರವರು, ಅದರಲ್ಲಿ ಒಬ್ಬ 18ರ ಒಳಗಿನವ. ಮುಂದಿನ ಟೂರ್ನಿಯ ಸಭೆಯಲ್ಲಿ ನಾನು ಇದನ್ನು ಎದ್ದು ನಿಂತು ಹೇಳುತ್ತೇನೆ. ನೀವೂ ನಿಮ್ಮೂರಲ್ಲಿ ಹೇಳಿ.

ಪ್ರಶ್ನೆ: ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. 2025ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಿಂತದ್ದು ಯಾರ ತಪ್ಪು?
– ಕುಶಾಲನಗರ

2010ರಲ್ಲಿ 15 ವರ್ಷಕ್ಕೆ ಮಾಡಿದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತದೆ ಎಂದು ಭಾರತದ ಫುಟ್‌ಬಾಲ್ ಫೆಡರೇಷನ್‌ಗೂ ಗೊತ್ತಿತ್ತು, ಲೀಗ್ ನಡೆಸುವವರಿಗೂ ಗೊತ್ತಿತ್ತು. ತೋಟದ ಗುತ್ತಿಗೆ ಮುಗಿಯುವ ದಿನ ಬಂದರೆ ನಾವು ಆರು ತಿಂಗಳು ಮೊದಲೇ ಕೂತು ಮಾತಾಡುತ್ತೇವೆ. ಇಲ್ಲಿ ಜುಲೈನಲ್ಲಿ ಲೀಗನ್ನೇ ತಡೆಹಿಡಿದರು. ಕೆಲವು ಕ್ಲಬ್‌ಗಳು ಆಟಗಾರರ ಸಂಬಳ ನಿಲ್ಲಿಸಿದವು. ದೊಡ್ಡ ಆಟಗಾರ ಹೇಗೋ ತಡೆದುಕೊಂಡಾನು. ಬಟ್ಟೆ ಒಗೆಯುವವರು, ಮೈದಾನಕ್ಕೆ ನೀರು ಬಿಡುವವರು ಏನು ಮಾಡಬೇಕು? ಅಭಿಮಾನಿಗಳಿಗೆ ಒಂದು ತಾರೀಕನ್ನೂ ಯಾರೂ ಹೇಳಲಿಲ್ಲ. ಇಬ್ಬರದೂ ತಪ್ಪು.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್. ಫುಟ್‌ಬಾಲ್ ಅಂದ್ರೆ ತುಂಬಾ ಇಷ್ಟ. ಹುಡುಗರು ಸೇರಿಸಿಕೊಳ್ಳಲ್ಲ, ಹುಡುಗಿಯರ ಟೀಮ್ ಇಲ್ಲ. ಏನು ಮಾಡಲಿ?
– ಪೊನ್ನಂಪೇಟೆ ಕಡೆಯಿಂದ

ಮಗಳೇ, ನಿನ್ನ ಕಾಗದ ಕೊನೆಗೆ ಇಟ್ಟಿದ್ದೇನೆ, ಆದರೆ ಮೊದಲು ಓದಿದ್ದು ಅದನ್ನೇ.

2022ರಲ್ಲಿ ನಮ್ಮ ದೇಶದಲ್ಲೇ ನಡೆದ ಮಹಿಳಾ ಏಷ್ಯನ್ ಕಪ್‌ನಿಂದ ನಮ್ಮ ತಂಡ ಕೋವಿಡ್‌ನಿಂದಾಗಿ ಅರ್ಧಕ್ಕೇ ಹೊರಬಿತ್ತು. ಆ ಹುಡುಗಿಯರು ಅತ್ತದ್ದು ಎಷ್ಟಿರಬೇಕು. 2025ರ ಜುಲೈನಲ್ಲಿ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಅವರದೇ ನೆಲದಲ್ಲಿ ಅವರನ್ನು 2–1ರಿಂದ ಸೋಲಿಸಿ ಮತ್ತೆ ಏಷ್ಯನ್ ಕಪ್‌ಗೆ ಹೋದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಪಂದ್ಯ ಆಡಿ ಗೆದ್ದು ನಮ್ಮ ಮಹಿಳೆಯರು ಅಲ್ಲಿಗೆ ಹೋದದ್ದು ಅದೇ ಮೊದಲು. ಅದೇ ವರ್ಷ ಗಂಡಸರ ತಂಡಕ್ಕೆ ಅದು ಆಗಲಿಲ್ಲ.

ಈಗ ನಿನ್ನ ಕೆಲಸ. ಹನ್ನೊಂದು ಜನ ಹುಡುಕಬೇಡ, ನಿನ್ನನ್ನೂ ಸೇರಿಸಿ ಐವರು ಸಾಕು. ವಾಲಿಬಾಲ್ ಕೋರ್ಟಿನಷ್ಟು ಜಾಗದಲ್ಲಿ ಐದು ಜನ ಚೆನ್ನಾಗಿ ಅಭ್ಯಾಸ ಮಾಡಬಹುದು. ಐವರ ಸಹಿ ಹಾಕಿ ಪಿಟಿ ಮೇಷ್ಟ್ರಿಗೆ ಒಂದು ಅರ್ಜಿ ಕೊಡು: ವಾರಕ್ಕೆ ಎರಡು ದಿನ, ಹುಡುಗರು ಇಳಿಯುವ ಮೊದಲು ಮುಕ್ಕಾಲು ಗಂಟೆ ಮೈದಾನ ನಮಗೆ ಬೇಕು. ಬಾಯಲ್ಲಿ ಕೇಳಿದರೆ ಮರೆಯುತ್ತಾರೆ, ಬರೆದು ಕೊಡು, ತಾರೀಕು ಹಾಕು. ಮನೆಯಲ್ಲಿ ಬೇಡ ಎಂದರೆ, ಕೌಟುಂಬಿಕ ಹಾಕಿಯಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಆಡುವುದಿಲ್ಲವಾ ಎಂದು ಕೇಳು.

ಒಬ್ಬಳೇ ಇರುವ ದಿನ ಗೋಡೆಗೆ ಹೊಡಿ. ಬಲಗಾಲಲ್ಲಿ ನೂರು, ಎಡಗಾಲಲ್ಲಿ ನೂರು. ಎಡಗಾಲಿನದ್ದು ಬಿಡಬೇಡ. ಚೆಂಡು ತಗೊಳ್ಳುವಾಗ ಸೈಜ್ 5 ಕೇಳು, ಬೂಟು ಸದ್ಯಕ್ಕೆ ಬೇಡ, ಕ್ಯಾನ್ವಾಸ್ ಶೂ ಸಾಕು. ಮೇಷ್ಟ್ರು ಏನು ಹೇಳಿದರು ಎಂದು ನನಗೆ ಬರೆ.