ಬಿಸಿನೀರಿಗೆ ಹಾಕಿದ ಮೇಲೆ ಪಚ್ಚೆಯನ್ನು ಬೈಯಬೇಡಿ

ಒಡವೆ ತೊಳೆಯುವುದು ಹೇಗೆ ಅಂತ ಹಾಳಾಗುವ ಮೊದಲು ಕೇಳುವವರು ಕಡಿಮೆ. ಹಾಳಾದ ಮೇಲೆ ಕೇಳುವವರೇ ಜಾಸ್ತಿ. ಈ ಸಲ ಓದುಗರೊಬ್ಬರಿಂದ ಬಂದ ಪ್ರಶ್ನೆಯೂ ಅದೇ ಕಥೆ.

ಪಚ್ಚೆ ಉಂಗುರವನ್ನು ಬಿಸಿ ಸೋಪಿನ ನೀರಲ್ಲಿ ನೆನೆಸಿ, ಅಲ್ಟ್ರಾಸಾನಿಕ್ (ಶಬ್ದದ ನಡುಕದಿಂದ ತೊಳೆಯುವ) ಯಂತ್ರಕ್ಕೆ ಹಾಕಿದೆ. ವಜ್ರದ ಓಲೆ ಅದರಲ್ಲೇ ಫಳಫಳ ಅಂದಿತ್ತು. ಪಚ್ಚೆ ಮಾತ್ರ ಮಂಕಾಗಿ, ಒಳಗೆ ಬಿಳಿ ಗೆರೆಗಳು ಕಾಣುತ್ತಿವೆ. ನಕಲಿ ಕಲ್ಲು ಕೊಟ್ಟರೇ?

ಅಸಲಿ ಪಚ್ಚೆಗೇ ಹೀಗಾಗುವುದು. ಆ ಗೆರೆಗಳು ನೀವು ಕೊಂಡ ದಿನವೂ ಇದ್ದವು, ಕಾಣುತ್ತಿರಲಿಲ್ಲ ಅಷ್ಟೆ. ಬಿರುಕಿಲ್ಲದ ಪಚ್ಚೆ ತೀರಾ ಅಪರೂಪ. ಬಿರುಕಿನೊಳಗೆ ಗಾಳಿ ಇದ್ದರೆ ಬೆಳಕು ಅಲ್ಲಿ ತಿರುಗಿ ಬಂದು ಬೆಳ್ಳಗೆ ಹೊಳೆಯುತ್ತದೆ. ಅದಕ್ಕೇ ಕಲ್ಲು ಕತ್ತರಿಸಿದ ಮೇಲೆ ದೇವದಾರು ಎಣ್ಣೆಯನ್ನೋ ರೆಸಿನ್ ಎಂಬ ಅಂಟನ್ನೋ ಒಳಗೆ ಇಳಿಸುತ್ತಾರೆ. ಬೆಳಕನ್ನು ಬಗ್ಗಿಸುವುದರಲ್ಲಿ ಅವು ಪಚ್ಚೆಗೆ ಹತ್ತಿರ. ಹಾಗಾಗಿ ಬಿರುಕು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಬಿಸಿನೀರು, ಸೋಪು, ಯಂತ್ರದ ನಡುಕ ಮೂರೂ ಸೇರಿ ಆ ಎಣ್ಣೆಯನ್ನು ಹೊರಗೆ ಎಳೆದಿವೆ.

ಹೋಗಿದ್ದು ಬರೀ ಎಣ್ಣೆಯಾದರೆ ಮತ್ತೆ ತುಂಬಿಸಬಹುದು. ನಡುಕಕ್ಕೆ ಬಿರುಕೇ ಹಿಗ್ಗಿದ್ದರೆ ಅದಕ್ಕೆ ಮದ್ದಿಲ್ಲ. ರತ್ನ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ತೋರಿಸಿ. ಮನೆಯಲ್ಲೇ ಅಡುಗೆ ಎಣ್ಣೆ ಸವರುವ ಸಲಹೆ ಯಾರೋ ಕೊಡುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಕೊಳೆ ಅಂಟುತ್ತದೆ, ಬೇರೇನೂ ಆಗುವುದಿಲ್ಲ.

ಇನ್ನು ಆ ವಜ್ರದ ಓಲೆ. ಗಟ್ಟಿ ಕಲ್ಲಿಗೆ ಏನೂ ಆಗಲ್ಲ ಅನ್ನುವ ನಂಬಿಕೆಯೇ ಎಲ್ಲ ಅನಾಹುತಕ್ಕೂ ಮೂಲ. 1812ರಲ್ಲಿ ಖನಿಜತಜ್ಞ ಫ್ರೆಡ್ರಿಕ್ ಮೋಸ್ ಮಾಡಿದ ಗಡಸುತನದ ಪಟ್ಟಿಯ ಲೆಕ್ಕದಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ 7.5ರಿಂದ 8. ಆದರೆ ಆ ಪಟ್ಟಿ ಹೇಳುವುದು ಯಾವುದು ಯಾವುದನ್ನು ಗೀರುತ್ತದೆ ಅಂತ ಮಾತ್ರ. ಪೆಟ್ಟು, ಬಿಸಿ, ಆಸಿಡ್ ಬಗ್ಗೆ ಅದು ಒಂದಕ್ಷರ ಹೇಳುವುದಿಲ್ಲ. ನನ್ನನ್ನು ಕೇಳಿದರೆ, ದಿನವೂ ಹಾಕುವ ಉಂಗುರಕ್ಕೆ ಪಚ್ಚೆ ಬೇಡವೇ ಬೇಡ. ಕೈ ಎಲ್ಲೆಲ್ಲಿ ತಾಗುತ್ತದೆ ಅಂತ ಒಂದು ದಿನ ಗಮನಿಸಿ. ಉಂಗುರಕ್ಕೆ ನೀಲ ತಗೊಳ್ಳಿ, ಪಚ್ಚೆಯನ್ನು ಓಲೆಗೋ ಪದಕಕ್ಕೋ ಇಡಿ. ತೊಳೆಯಲು ಉಗುರುಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆಯ ಬ್ರಷ್ ಸಾಕು. ನೆನೆಸಿಡಬೇಡಿ. ಕೊಳ್ಳುವಾಗ ಲ್ಯಾಬ್ ವರದಿಯಲ್ಲಿ ಎಣ್ಣೆ ಎಷ್ಟು ಅಂತ ಓದಿ. ವರದಿ ತೋರಿಸದೆ "ಏನೂ ಹಾಕಿಲ್ಲ" ಅಂತ ಬಾಯಲ್ಲೇ ಆಣೆ ಮಾಡುವವರ ಹತ್ತಿರ ಕೊಳ್ಳಬೇಡಿ.

ಅಸಲಿ ವಜ್ರ ಸುತ್ತಿಗೆ ಪೆಟ್ಟಿಗೂ ಒಡೆಯಲ್ಲ, ಅಲ್ವಾ?

ಒಡೆಯುತ್ತದೆ. ಪೆಟ್ಟು ಬಿದ್ದರೆ ಸುಲಭವಾಗಿ ಸೀಳುವ ದಿಕ್ಕು ಅದರಲ್ಲಿ ನಾಲ್ಕಿವೆ. ಹೀಗೆ ಪರೀಕ್ಷೆ ಮಾಡಿದರೆ ವಜ್ರ ಅಸಲಿ ಅಂತ ಗೊತ್ತಾಗುವ ಹೊತ್ತಿಗೆ ವಜ್ರವೇ ಇರಲ್ಲ.

ಅಸಲಿ ನೀಲ ಹಾಕಿದರೆ ಹಾಲು ನೀಲಿಯಾಗಬೇಕಂತೆ?

ನೀಲಿ ಗಾಜು ಹಾಕಿದರೂ ಹಾಗೇ ಕಾಣುತ್ತದೆ. ಸುಮ್ನೆ ಹಾಲು ಕುಡಿಯಿರಿ.

ಮಾಣಿಕ್ಯವನ್ನು ನಿಂಬೆರಸದಲ್ಲಿ ತೊಳೆಯಬಹುದೇ?

ಬೇಡ. ಅಗ್ಗದ ಮಾಣಿಕ್ಯಗಳಲ್ಲಿ ಸೀಸದ ಗಾಜು ತುಂಬಿರುವುದು ಬಹಳ. ಆ ಗಾಜನ್ನು ನಿಂಬೆರಸವೂ ತಿನ್ನುತ್ತದೆ. ಅಕ್ಕಸಾಲಿಗರ ಬೆಂಕಿ ಇನ್ನೂ ಬೇಗ ಕೆಡಿಸುತ್ತದೆ. ಉಂಗುರ ರಿಪೇರಿಗೆ ಕೊಡುವಾಗ ಕಲ್ಲು ಬಿಚ್ಚಲು ಹೇಳಿ.

ಟೂತ್‌ಪೇಸ್ಟ್?

ಇಲ್ಲ. ಚಿನ್ನದ ಮೇಲೂ ಗೀರು ಬೀಳುತ್ತದೆ.

ಲ್ಯಾಬ್‌ನಲ್ಲಿ ಬೆಳೆಸಿದ ಮಾಣಿಕ್ಯ ನಕಲಿಯೇ?

ಅಲ್ಲ. ಫ್ರೆಂಚ್ ರಸಾಯನಶಾಸ್ತ್ರಜ್ಞ ವರ್ನ್ಯೂಯಿ ಮಾಣಿಕ್ಯ ಬೆಳೆಸುವ ತನ್ನ ವಿಧಾನವನ್ನು 1902ರಲ್ಲೇ ಪ್ರಕಟಿಸಿದ. ವಸ್ತು ಅದೇ. ಗಣಿಯದು ಅಂತ ಹೇಳಿ ಮಾರಿದರೆ ಮಾತ್ರ ಮೋಸ.

ಅದೃಷ್ಟಕ್ಕೆ ಯಾವ ಕಲ್ಲು?

ನಾನು ಓದಿದ್ದು ಖನಿಜಶಾಸ್ತ್ರ.

ಮುತ್ತಿನ ಸರದ ಹೊಳಪು ಯಾಕೆ ಹೋಯಿತು?

ಸೆಂಟ್, ಹೇರ್‌ಸ್ಪ್ರೇ, ಬೆವರು. ಮುತ್ತಿನ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ತಾಗಿದರೆ ಕರಗುತ್ತದೆ. ಅಲಂಕಾರ ಮುಗಿದ ಮೇಲೆ ಹಾಕಿಕೊಳ್ಳಿ, ಬಂದ ತಕ್ಷಣ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಬಟ್ಟೆ ಬೇಡ, ದೂಳಿನಲ್ಲಿರುವ ಮರಳಿನ ಕಣ ಮುತ್ತನ್ನು ಗೀರುತ್ತದೆ. ದಾರ ಪೂರ್ತಿ ಒಣಗುವವರೆಗೆ ಮಲಗಿಸಿಡಿ. ನೇತುಹಾಕಿದರೆ ದಾರ ಜಗ್ಗುತ್ತದೆ.