ಪೋರ್ಟರ್‌ನನ್ನು ಕೊಟ್ಟು ಡೆನ್ವರ್ ಕೊಂಡದ್ದು ಬೆಂಚು

ಮೈಕಲ್ ಪೋರ್ಟರ್ ಜೂನಿಯರ್‌ನಂಥ ಶೂಟರ್‌ನನ್ನು ಬ್ರೂಕ್ಲಿನ್‌ಗೆ ಕೊಟ್ಟು, ಮೇಲೆ 2032ರ ಡ್ರಾಫ್ಟ್‌ನ ಮೊದಲ ಸುತ್ತಿನ ಪಿಕ್ (ಹೊಸ ಆಟಗಾರನನ್ನು ಆರಿಸುವ ಹಕ್ಕು) ಬೇರೆ ಕೊಟ್ಟು, ಎನ್‌ಬಿಎ ಬಾಸ್ಕೆಟ್‌ಬಾಲ್ ತಂಡ ಡೆನ್ವರ್ ನಗೆಟ್ಸ್ 2025ರ ಬೇಸಿಗೆಯಲ್ಲಿ ಕ್ಯಾಮ್ ಜಾನ್ಸನ್‌ನನ್ನು ತಂದದ್ದು ಯಾವ ಲೆಕ್ಕ ಅಂತ ಕೇಳಿದ್ದೀರಿ.

ಆಟಗಾರನಿಗೆ ಆಟಗಾರ ಅಂತ ನೋಡಿದರೆ ನಷ್ಟದ ವ್ಯಾಪಾರವೇ. 2024-25ರಲ್ಲಿ ಇಬ್ಬರೂ ಪಂದ್ಯಕ್ಕೆ ಸರಾಸರಿ 18ಕ್ಕಿಂತ ಜಾಸ್ತಿ ಪಾಯಿಂಟ್ ಗಳಿಸಿದವರು, ಪಿಕ್ ಮಾತ್ರ ದಂಡ. ಆದರೆ ಸಂಬಳ ನೋಡಿ. 2025-26ಕ್ಕೆ ಪೋರ್ಟರ್‌ಗೆ 38 ಮಿಲಿಯನ್ ಡಾಲರ್, ಜಾನ್ಸನ್‌ಗೆ ಸುಮಾರು 21. ನಡುವಿನ 17 ಮಿಲಿಯನ್ ಇದೆಯಲ್ಲ, ನಗೆಟ್ಸ್‌ಗೆ ಬೇಕಿದ್ದದ್ದು ಅದು.

ಯಾಕೆ ಅಂತ ಗೊತ್ತಾಗಬೇಕಾದರೆ 2023ಕ್ಕೆ ಹೋಗಬೇಕು. ಚಾಂಪಿಯನ್ ಆದ ಆ ತಂಡದಲ್ಲಿ ಬೆಂಚಿನಿಂದ, ಅಂದರೆ ಬದಲಿ ಆಟಗಾರನಾಗಿ, ಬರುತ್ತಿದ್ದವನು ಬ್ರೂಸ್ ಬ್ರೌನ್. ಸಂಬಳ ಸುಮಾರು 6.5 ಮಿಲಿಯನ್. ತಂಡದಲ್ಲಿ ಒಂದೇ ವರ್ಷ ಇದ್ದ ಆಟಗಾರನಿಗೆ, ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ಮೀರಿದ ತಂಡ ಹಳೇ ಸಂಬಳದ 120 ಶೇಕಡಾ ಮಾತ್ರ ಕೊಡಬಹುದು. ಅಂದರೆ 7.8. ಇಂಡಿಯಾನಾ ಎರಡು ವರ್ಷಕ್ಕೆ 45 ಮಿಲಿಯನ್ ಮುಂದಿಟ್ಟಿತು. ಯಾರಾದರೂ ಹೋಗ್ತಾರೆ, ಅಲ್ವಾ? ಮರುವರ್ಷ ಕೆಂಟೇವಿಯಸ್ ಕಾಲ್ಡ್ವೆಲ್-ಪೋಪ್ ಕೂಡ ಒರ್ಲ್ಯಾಂಡೋಗೆ ಹೊರಟ.

ಜಾಗ ತುಂಬೋಣ ಅಂದರೆ ಕೈ ಕಟ್ಟಿತ್ತು. ಯೋಕಿಚ್, ಮರ್ರಿ, ಪೋರ್ಟರ್, ಗಾರ್ಡನ್ ಈ ನಾಲ್ವರು ಮುಖ್ಯ ಆಟಗಾರರ ಸಂಬಳಕ್ಕೇ ದುಡ್ಡೆಲ್ಲ ಹೋಗುತ್ತಿತ್ತು. ಈಗಿನ ಎನ್‌ಬಿಎ ನಿಯಮದಲ್ಲಿ ತಂಡದ ಒಟ್ಟು ಸಂಬಳಕ್ಕೆ ಸೆಕೆಂಡ್ ಏಪ್ರನ್ ಎಂಬ ಗೆರೆ ಇದೆ. 2025-26ಕ್ಕೆ ಅದು ಸುಮಾರು 208 ಮಿಲಿಯನ್. ದಾಟಿದರೆ ದಂಡ ಕಟ್ಟಿ ಸುಮ್ನಿರೋ ಹಾಗಿಲ್ಲ. ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ತರುವಂತಿಲ್ಲ, ಕ್ಯಾಪ್ ಮೀರಿದರೂ ಹೊಸಬರನ್ನು ತರೋಕೆ ಸಿಗುವ ಮಿಡ್-ಲೆವೆಲ್ ಹಣವೂ ಸಿಗುವುದಿಲ್ಲ. ಉಳಿಯುವುದು ಕನಿಷ್ಠ ಸಂಬಳಕ್ಕೆ ಬರುವವರು ಮತ್ತು ಡ್ರಾಫ್ಟ್ ಹುಡುಗರು.

ಇದರ ಫಲ 2025ರ ಮೇ 18ರಂದು ಒಕ್ಲಹೋಮಾದಲ್ಲಿ ಕಂಡಿತು. ಪ್ಲೇಆಫ್ ಎರಡನೇ ಸುತ್ತಿನ ಏಳನೇ, ನಿರ್ಣಾಯಕ ಪಂದ್ಯ. ಗಾರ್ಡನ್ ತೊಡೆಯ ಹಿಂಭಾಗದ ಸ್ನಾಯು ಎಳೆದುಕೊಂಡಿದ್ದರೂ ಆಡಿದ, ಬದಲಿಗೆ ಇಳಿಸೋಕೆ ನಂಬುವಂಥ ಆಳೇ ಇರಲಿಲ್ಲ. ಎದುರಾಳಿ ಥಂಡರ್ ಕಡೆ ಒಬ್ಬರ ಹಿಂದೆ ಒಬ್ಬರು ತಾಜಾ ಕಾಲಿನವರು ಬರುತ್ತಲೇ ಇದ್ದರು. 125-93. ನಿದ್ದೆಗೆಟ್ಟು ನೋಡಿದ ನನಗೆ ಮೂರನೇ ಕ್ವಾರ್ಟರ್‌ನಲ್ಲೇ ಮಲಗಬೇಕಿತ್ತು ಅನ್ನಿಸಿತು.

ಹಾಗಾಗಿ 2025ರ ಜುಲೈನಲ್ಲಿ ಆದದ್ದನ್ನು ಒಟ್ಟಿಗೆ ನೋಡಿ. ಪೋರ್ಟರ್ ಹೋದದ್ದರಿಂದ ತಂಡ ಸೆಕೆಂಡ್ ಏಪ್ರನ್‌ಗಿಂತ ಕೆಳಗಿನ ಗೆರೆಯಾದ ಫಸ್ಟ್ ಏಪ್ರನ್ನಿನ ಕೆಳಗೆ ಬಂತು. ಆ ಗೆರೆಯ ಕೆಳಗಿದ್ದರೆ ಕಳಿಸಿದ್ದಕ್ಕಿಂತ ಹೆಚ್ಚು ಸಂಬಳದವನನ್ನು ತರಬಹುದು. 5.4 ಮಿಲಿಯನ್ನಿನ ಡಾರಿಯೋ ಶಾರಿಚ್‌ನನ್ನು ಸ್ಯಾಕ್ರಮೆಂಟೋಗೆ ಕಳಿಸಿ 10.4ರ ಯೋನಸ್ ವಲಾಂಚ್ಯೂನಸ್‌ನನ್ನು ತಂದದ್ದು ಹೀಗೆ. ವಲಾಂಚ್ಯೂನಸ್‌ಗೆ ಗ್ರೀಸ್‌ನ ಪಾನಾಥಿನೈಕೋಸ್ ಕ್ಲಬ್‌ಗೆ ಹೋಗುವ ಮನಸ್ಸಿತ್ತು, ಡೆನ್ವರ್ ಬಿಡಲಿಲ್ಲ. ಬಿಡದೇ ಇದ್ದದ್ದು ಸರಿ. ಯೋಕಿಚ್ ಉಸಿರು ತೆಗೆದುಕೊಳ್ಳೋಕೆ ಕೂತ ಕೂಡಲೇ ಲೀಡ್ ಕರಗುವುದು ವರ್ಷಗಳ ಕಾಯಿಲೆ, ನಿಜವಾದ ಬ್ಯಾಕಪ್ ಸೆಂಟರ್ ಅವರಿಗೆ ಇರಲೇ ಇಲ್ಲ. ಟಿಮ್ ಹಾರ್ಡವೇ ಜೂನಿಯರ್ ಕನಿಷ್ಠ ಸಂಬಳಕ್ಕೆ ಬಂದ. ಬ್ರೂಸ್ ಬ್ರೌನ್ ಕೂಡ ಅದೇ ಸಂಬಳಕ್ಕೆ ವಾಪಸ್ ಬಂದ!

2032ಕ್ಕೆ ಯೋಕಿಚ್‌ಗೆ 37 ವರ್ಷ. ಆ ಪಿಕ್ ಮುಂದೆ ಚೆನ್ನಾಗಿಯೇ ಚುಚ್ಚಬಹುದು. ಆದರೆ ಅವನಂಥವನು ಕೈಯಲ್ಲಿರುವಾಗ ಏಳು ವರ್ಷದಾಚೆಯದನ್ನು ಕೂಡಿಡುವುದು ನನ್ನ ಪ್ರಕಾರ ಜಿಪುಣತನ.

ನನಗೆ ಚಿಂತೆ ಬೇರೆ ಕಡೆ ಇದೆ. 2025-26ರ ಸೀಸನ್ ಶುರುವಾಗುವ ಮುಂಚೆ ತಂಡದ ಆಟಗಾರ ಕ್ರಿಶ್ಚಿಯನ್ ಬ್ರೌನ್ ಜೊತೆ ಐದು ವರ್ಷಕ್ಕೆ 125 ಮಿಲಿಯನ್ ಒಪ್ಪಂದ ಮಾಡಿಕೊಂಡರು. ಇನ್ನೊಬ್ಬ ಆಟಗಾರ ಪೇಟನ್ ವಾಟ್ಸನ್ ಜೊತೆ ಮಾಡಿಕೊಳ್ಳಲಿಲ್ಲ. ಅವನು 2025-26ರಲ್ಲಿ ಚೆನ್ನಾಗಿ ಆಡಿದಷ್ಟೂ 2026ರ ಬೇಸಿಗೆಯಲ್ಲಿ ಬೆಲೆ ಏರುತ್ತದೆ. ಆಗ ಬೇರೆಯವರ ಆಫರ್‌ಗೆ ಸರಿಗಟ್ಟಿ ಉಳಿಸಿಕೊಳ್ಳುವ ಹಕ್ಕೇನೋ ಡೆನ್ವರ್‌ಗೆ ಇದೆ. ಹಾಗೆ ಮಾಡಿದರೆ ಮತ್ತೆ ಅದೇ ಏಪ್ರನ್ ಗೆರೆಯ ಹತ್ತಿರ ಹೋಗಿ ನಿಲ್ಲಬೇಕಾಗುತ್ತದೆ.